ಎಲೆ ಉದುರುವ ಕಾಲದಲ್ಲಿ ನನ್ನ ತೋಟದ ಕೆಲಸ

ಚಳಿ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ತೋಟದಲ್ಲಿ ಏನು ಕೆಲಸ ಇರುತ್ತದೆ ಎಂದು ತುಂಬ ಜನ ಕೇಳುತ್ತಾರೆ. ನನಗಂತೂ ಕೈತುಂಬ ಕೆಲಸ ಇರುವುದು ಆಗಲೇ. ನೆಲದ ಮೇಲೆ ಗಿಡದ ಬೆಳವಣಿಗೆ ನಿಧಾನವಾದರೂ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಬೇರು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಈ ಕಾಲದಲ್ಲಿ ನಾನು ಗಮನ ಕೊಡುವುದು ಮಣ್ಣಿಗೆ.

ಮೊದಲು ತರಗೆಲೆ. ಗುಡಿಸಿ ಸುಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾನು ತಂತಿ ಬಲೆಯನ್ನು ಸುತ್ತಿ ಒಂದು ಗೂಡು ಮಾಡಿ, ಎಲೆಯನ್ನೆಲ್ಲ ಅದರಲ್ಲಿ ತುಂಬುತ್ತೇನೆ. ಹುಲ್ಲು ಕತ್ತರಿಸುವ ಯಂತ್ರವನ್ನು ಒಮ್ಮೆ ಎಲೆಯ ಮೇಲೆ ಓಡಿಸಿದರೆ ಚೂರಾಗಿ ಬೇಗ ಕೊಳೆಯುತ್ತದೆ. ತುಂಬುವಾಗಲೇ ಪದರ ಪದರವಾಗಿ ನೀರು ಹಾಕಬೇಕು. ಒಂದು ಹಿಡಿ ಎಲೆ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಸಾಕು. ಅಂಗೈ ಒಣಗಿಯೇ ಇದ್ದರೆ ಇನ್ನಷ್ಟು ನೀರು ಬೇಕು ಅಂತ ಅರ್ಥ.

ಒಣ ಎಲೆಯನ್ನು ಕೊಳೆಸುವುದು ಮುಖ್ಯವಾಗಿ ಶಿಲೀಂಧ್ರ. ಗುಡ್ಡೆಯನ್ನು ಬಗೆದು ನೋಡಿದರೆ ಎಲೆ ಎಲೆಯ ನಡುವೆ ಬಿಳಿ ನೂಲು ಹರಡಿರುವುದು ಕಾಣುತ್ತದೆ. ಈ ಕೆಲಸ ನಿಧಾನ. ಒಂದು ವರ್ಷ ಕಳೆದರೆ ಒರಟಾದ ಗೊಬ್ಬರ ಸಿಗುತ್ತದೆ, ಅದನ್ನು ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹಾಕುತ್ತೇನೆ. ಎರಡು ವರ್ಷ ಬಿಟ್ಟರೆ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ವಾಸನೆ ಬರುತ್ತದೆ. ಜರಡಿ ಹಿಡಿದು ಸಸಿ ಮಾಡುವ ಮಣ್ಣಿಗೆ ಬೆರೆಸಲು ಇದಕ್ಕಿಂತ ಒಳ್ಳೆಯದಿಲ್ಲ. ಇದರಲ್ಲಿ ಸಾರ ಕಡಿಮೆ, ನಿಜ. ಆದರೆ ನೀರು ಹಿಡಿದಿಡುವ ಗುಣ ಜಾಸ್ತಿ, ಅದೇ ಅಲ್ವಾ ಬೇಸಿಗೆಯಲ್ಲಿ ಬೇಕಾಗುವುದು?

ರೋಗ ಬಿದ್ದ ಎಲೆಯನ್ನು ಮಾತ್ರ ಈ ಗೂಡಿಗೆ ಸೇರಿಸುವುದಿಲ್ಲ. ಗುಲಾಬಿಯ ಕಪ್ಪು ಚುಕ್ಕೆ ರೋಗ ಉದುರಿದ ಎಲೆಯಲ್ಲೇ ಚಳಿಗಾಲ ಕಳೆದು ಮತ್ತೆ ಹೊಸ ಚಿಗುರಿಗೆ ಹತ್ತುತ್ತದೆ. ಗುಲಾಬಿ ಬುಡವನ್ನು ಕೈಯಿಂದಲೇ ಆರಿಸಿ ಚೊಕ್ಕ ಮಾಡುತ್ತೇನೆ.

ಖಾಲಿಯಾದ ತರಕಾರಿ ಪಾತಿಯನ್ನು ಬರಿದಾಗಿ ಬಿಡುವುದಿಲ್ಲ. ಒಂದಕ್ಕೆ ಬೆಳ್ಳುಳ್ಳಿ. ಎಸಳಿನ ಚೂಪು ತುದಿ ಮೇಲೆ ಬರುವಂತೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ಒಂದಕ್ಕೊಂದು 15 ಸೆಂಟಿಮೀಟರ್ ದೂರದಲ್ಲಿ ನೆಡುತ್ತೇನೆ. ಗೆಡ್ಡೆಯಲ್ಲಿ ಎಸಳು ಚೆನ್ನಾಗಿ ಬಿಡಿಬಿಡಿಯಾಗಲು ಅದಕ್ಕೆ ಚಳಿ ತಾಗಲೇಬೇಕು. ಉಳಿದ ಪಾತಿಗಳಿಗೆ ಚೂರು ಮಾಡಿದ ಎಲೆಯ ದಪ್ಪ ಹೊದಿಕೆ.

ಬೀಜಕ್ಕೆ ಬಿಟ್ಟ ಹೂವಿನ ತಲೆಗಳನ್ನು ಇಬ್ಬನಿ ಆರಿದ ಮೇಲೆ ಕೊಯ್ದು ಕಾಗದದ ಕವರಿನಲ್ಲಿ ಹಾಕಿಡುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಕತ್ತರಿ. ತೋಟ ಅಚ್ಚುಕಟ್ಟಾಗಿ ಕಾಣಲಿ ಎಂದು ಈಗಲೇ ಎಲ್ಲವನ್ನೂ ಸವರಿಬಿಡುವ ಆಸೆ ಆಗುವುದು ಸಹಜ. ನಾನು ಸವರುವುದು ಒಣಗಿದ, ಮುರಿದ, ರೋಗದ ಕೊಂಬೆಯನ್ನಷ್ಟೇ. ಈಗ ಜೋರಾಗಿ ಕತ್ತರಿಸಿದರೆ ಎಳೆ ಚಿಗುರು ಬಂದು ಚಳಿಗೆ ಸುಟ್ಟುಹೋಗುತ್ತದೆ. ಸಾರಜನಕದ ಗೊಬ್ಬರವನ್ನು ನಿಲ್ಲಿಸುವುದೂ ಇದೇ ಕಾರಣಕ್ಕೆ. ದೊಡ್ಡ ಸವರುವಿಕೆ ಏನಿದ್ದರೂ ಚಳಿಗಾಲದ ಕೊನೆಗೆ.