ಗಜನಿಯ ಕಟ್ಟೆಯನ್ನು ಆಟವಾಗಿಸಿದ ಬಗೆ: ಒಂದು ಸಂಶೋಧನೆಯ ಅನುಭವ

ವಿಡಿಯೋ ಗೇಮ್ ವಿನ್ಯಾಸ ಮತ್ತು ಕಲಿಕಾ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂದು ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಆಟದಿಂದ ಮಕ್ಕಳು ಕಲಿಯುತ್ತಾರೆಯೇ’ ಎಂಬ ಪ್ರಶ್ನೆಯನ್ನು ಹೊತ್ತು ತರುತ್ತಾರೆ. ಅದು ಉತ್ತರ ಸಿಗುವಂಥ ಪ್ರಶ್ನೆಯಲ್ಲ. ಯಾವ ಆಟದ ಯಾವ ನಿಯಮ, ಯಾವ ತಿಳಿವಳಿಕೆಯನ್ನು, ಯಾರಲ್ಲಿ ಹುಟ್ಟಿಸುತ್ತದೆ ಎಂದು ಕೇಳಿದಾಗ ಮಾತ್ರ ಕೆಲಸ ಮುಂದೆ ಸಾಗುತ್ತದೆ. ಕಾರವಾರದಲ್ಲಿ ಗಣಕ ವಿಜ್ಞಾನ ಕಲಿಸುತ್ತ, ಹುಟ್ಟೂರಾದ ಕುಮಟಾದ ಗಜನಿಗಳನ್ನೇ, ಅಂದರೆ ಅಳಿವೆಯಂಚಿನ ಗದ್ದೆಬಯಲುಗಳನ್ನೇ, ವಿಷಯವಾಗಿಟ್ಟುಕೊಂಡು ನಾನು ಈ ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕ್ಷೇತ್ರದ ಓದು ಎಲ್ಲಿಂದ ಬೇಕಾದರೂ ಆರಂಭವಾಗಬಹುದು. ಥಾಮಸ್ ಮ್ಯಾಲೋನ್ 1981ರಲ್ಲಿ ಆಟದ ಸೆಳೆತವನ್ನು ಸವಾಲು, ಕಲ್ಪನೆ ಮತ್ತು ಕುತೂಹಲಗಳಲ್ಲಿ ಗುರುತಿಸಿದರು. ಜೇಮ್ಸ್ ಪಾಲ್ ಗೀ 2003ರ ತಮ್ಮ ಪುಸ್ತಕದಲ್ಲಿ ಒಳ್ಳೆಯ ಆಟಗಳ ಒಳಗೇ ಒಳ್ಳೆಯ ಬೋಧನಾ ಕ್ರಮವಿದೆಯೆಂದು ವಾದಿಸಿದರು. ನನ್ನ ದಾರಿಯನ್ನು ನಿರ್ಧರಿಸಿದ್ದು ಮಾತ್ರ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಪ್ರಯೋಗ. ಅವರ ‘ಜೋಂಬಿ ಡಿವಿಜನ್’ ಆಟದಲ್ಲಿ ಎದೆಯ ಮೇಲೆ ಸಂಖ್ಯೆ ಹೊತ್ತ ಅಸ್ಥಿಪಂಜರಗಳು ಎದುರಾಗುತ್ತವೆ; ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಆಯುಧದಿಂದ ಹೊಡೆದರೆ ಮಾತ್ರ ಅವು ಬೀಳುತ್ತವೆ. ಅದೇ ಆಟದ ಇನ್ನೊಂದು ರೂಪದಲ್ಲಿ ಹೊಡೆದಾಟಕ್ಕೂ ಗಣಿತಕ್ಕೂ ಸಂಬಂಧವಿರಲಿಲ್ಲ. ಹಂತದ ಕೊನೆಯಲ್ಲಿ ಭಾಗಾಕಾರದ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಮೊದಲ ರೂಪವನ್ನು ಆಡಿದ ಮಕ್ಕಳು ಹೆಚ್ಚು ಕಲಿತರು. ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಾಗ ಮೊದಲ ರೂಪದಲ್ಲಿ ಏಳು ಪಟ್ಟು ಹೆಚ್ಚು ಸಮಯ ಕಳೆದರು. ನಮ್ಮಲ್ಲಿ ‘ಶೈಕ್ಷಣಿಕ ಆಟ’ ಎಂಬ ಹೆಸರಿನಲ್ಲಿ ಬರುವ ಆ್ಯಪ್‌ಗಳಲ್ಲಿ ಬಹುಪಾಲು ಎರಡನೆಯ ಜಾತಿಗೆ ಸೇರಿದವು, ಅಂದರೆ ನಕ್ಷತ್ರ ಮತ್ತು ಚಪ್ಪಾಳೆ ಅಂಟಿಸಿದ ಪ್ರಶ್ನೆಪತ್ರಿಕೆಗಳು.

ಹಾಗಾದರೆ ನಿಯಮವೇ ಪಾಠವಾಗಿರುವ ವಿಷಯವೊಂದು ಬೇಕಿತ್ತು. ಅಘನಾಶಿನಿ ಅಳಿವೆಯ ಗಜನಿ ಅಂಥದ್ದು. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಬಿತ್ತುತ್ತಾರೆ. ಕೊಯ್ಲಾದ ಮೇಲೆ ತೂಬು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ ಮೀನು, ಸಿಗಡಿ ಬರುತ್ತವೆ. ಇಡೀ ಬಯಲಿಗೆ ಉಪ್ಪುನೀರನ್ನು ತಡೆಯುವ ಒಂದೇ ಖಾರ್‌ಲ್ಯಾಂಡ್ ಕಟ್ಟೆ, ಗದ್ದೆಗಳು ಮಾತ್ರ ಬೇರೆ ಬೇರೆಯವರವು. ಸಿಗಡಿಯ ಆಸೆಗೆ ನೀರನ್ನು ಹೆಚ್ಚು ಕಾಲ ನಿಲ್ಲಿಸಿಕೊಂಡರೆ ಭತ್ತದವನಿಗೆ ನಷ್ಟ. ಕಟ್ಟೆಯ ದುರಸ್ತಿಗೆ ಒಬ್ಬ ಬಾರದಿದ್ದರೆ ಎಲ್ಲರಿಗೂ ನಷ್ಟ. ಹಂಚಿಕೊಂಡ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದಿದ್ದರೆ, ಬಳಸುವವರೇ ಕಟ್ಟಳೆ ಮಾಡಿಕೊಂಡು ಅದನ್ನು ಉಳಿಸಿಕೊಂಡ ಉದಾಹರಣೆಗಳನ್ನು ಎಲಿನಾರ್ ಆಸ್ಟ್ರಮ್ 1990ರಲ್ಲಿ ಮುಂದಿಟ್ಟರು. ಈ ಚರ್ಚೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ಉಪನ್ಯಾಸವಾಗಿ ಹೇಳಬೇಕಾದ ಅಗತ್ಯವೇ ಇಲ್ಲದಂತೆ ಆಟವೊಂದನ್ನು ಕಟ್ಟಬಹುದೇ ಎಂಬುದು ನನ್ನ ಪ್ರಶ್ನೆಯಾಯಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕ ಮೇಲೆ ಈ ಆಯ್ಕೆಯನ್ನು ಇತರರಿಗೆ ವಿವರಿಸುವುದು ಸುಲಭವಾಯಿತು, ಅಷ್ಟೇ.

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಕಾಗದದ ಮೇಲೆ ಆಡಿಸಬೇಕೆಂಬುದನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಜನಿಯ ನಕ್ಷೆ ಬರೆದು, ಹುಣಸೆ ಬೀಜವನ್ನು ಸಿಗಡಿಯೆಂದೂ ಭತ್ತದ ಕಾಳನ್ನು ಬೆಳೆಯೆಂದೂ ಇಟ್ಟುಕೊಂಡು, ನಾಲ್ವರು ಸುತ್ತ ಕುಳಿತರೆ ನಿಯಮದ ಬಲಾಬಲ ಕೂಡಲೇ ತಿಳಿಯುತ್ತದೆ. ಪ್ರತಿ ಸರದಿಯಲ್ಲಿ ಆಟಗಾರನಿಗೆ ಮೂರು ದಾರಿಗಳಿರುತ್ತವೆ: ತೂಬು ನಡೆಸಬಹುದು, ತನ್ನ ಗದ್ದೆಯಲ್ಲಿ ದುಡಿಯಬಹುದು, ಇಲ್ಲವೇ ಕಟ್ಟೆಗೆ ಮಣ್ಣು ಹಾಕಬಹುದು. ಕಟ್ಟೆಗೆ ಮಣ್ಣು ಹಾಕಿದವನಿಗೆ ಆ ಸರದಿಯಲ್ಲಿ ಸ್ವಂತ ಲಾಭ ಒಂದು ಕಾಳೂ ಸಿಗುವುದಿಲ್ಲ. ಆಟದ ಸತ್ವವೆಲ್ಲ ಈ ಒಂದು ನಿಯಮದಲ್ಲಿದೆ.

ಉಬ್ಬರವನ್ನು ದಾಳ ಎಸೆದು ನಿರ್ಧರಿಸಬಹುದಿತ್ತು. ಆಟಗಳಲ್ಲಿ ಅದೇ ರೂಢಿ. ಆದರೆ ಕರಾವಳಿಯ ಮಗುವಿಗೆ ಉಬ್ಬರವೆಂದರೆ ಅದೃಷ್ಟವಲ್ಲ, ಲೆಕ್ಕ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ನೀರು ಏರುತ್ತದೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಹಾಗಾಗಿ ದಾಳವನ್ನು ಕೈಬಿಟ್ಟು ಪರದೆಯ ಮೂಲೆಯಲ್ಲಿ ಚಂದ್ರನನ್ನಿಟ್ಟೆ. ಅವನನ್ನು ನೋಡಿ ಮುಂದಿನ ನೀರನ್ನು ಊಹಿಸುವುದು ಆಟಗಾರನ ಕೆಲಸ. ಆಟದೊಳಗಿನ ಉಬ್ಬರವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದೊಂದಿಗೆ ಹೋಲಿಸಿ ಸರಿಪಡಿಸಿದೆ. ಮಳೆಗೆ ಮಾತ್ರ ದಾಳವೇ ಉಳಿಯಿತು. ಮಳೆಯ ವಿಷಯದಲ್ಲಿ ಅದೇ ನ್ಯಾಯ.

ಆಟ ಕಟ್ಟಲು ಗೊಡಾಟ್ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡೆ. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಅದರ ಮೂರನೆಯ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. ‘ಕಟ್ಟೆ’ ಎಂದು ಬರೆದರೆ ಕೆಳಗಿರಬೇಕಾದ ಒತ್ತು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಆದ್ದರಿಂದ ಪ್ರತಿಯೊಂದು ವಾಕ್ಯವನ್ನೂ ಬೇರೆಡೆ ಬರೆದು ಚಿತ್ರವಾಗಿ ಸೇರಿಸಬೇಕಾಗುತ್ತಿತ್ತು. ಒಂದು ಪದ ಬದಲಾದರೆ ಚಿತ್ರವೂ ಬದಲಾಗಬೇಕು. ಮಾರ್ಚ್ 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಹಾರ್ಫ್‌ಬಜ್ ಎಂಬ, ಅಕ್ಷರಗಳನ್ನು ಸರಿಯಾಗಿ ಕೂಡಿಸುವ ತಂತ್ರಾಂಶ ಭಾಗವನ್ನು ಒಳಗೊಂಡಿದ್ದರಿಂದ ನೋಟೋ ಸಾನ್ಸ್ ಕನ್ನಡ ಅಕ್ಷರವಿನ್ಯಾಸದಲ್ಲಿ ಒತ್ತಕ್ಷರಗಳು ಸ್ವಸ್ಥಾನಕ್ಕೆ ಬಂದವು. ಮಕ್ಕಳ ಮನೆಗಳಲ್ಲಿರುವುದು ಹಳೆಯ ಫೋನುಗಳಾದ್ದರಿಂದ ಆ ಆವೃತ್ತಿಯ ‘ಕಂಪ್ಯಾಟಿಬಿಲಿಟಿ’ ವಿಧಾನದಲ್ಲೇ ಚಿತ್ರಗಳನ್ನು ಮೂಡಿಸಬೇಕಾಯಿತು. ನೆಟ್‌ವರ್ಕ್ ಇರುವುದೆಂದು ಭಾವಿಸಿ ಏನನ್ನೂ ಕಟ್ಟಬಾರದೆಂಬುದು ಘಟ್ಟದ ಮೇಲೂ ಕೆಳಗೂ ಸಮಾನವಾಗಿ ಅನ್ವಯಿಸುವ ನಿಯಮ. ಪ್ರತಿ ನಡೆಯೂ ಫೋನಿನಲ್ಲೇ ಎಸ್‌ಕ್ಯೂಲೈಟ್ (ಪುಟ್ಟ ದತ್ತಸಂಚಯ) ಕಡತವಾಗಿ ಉಳಿದು, ನಾವು ಶಾಲೆಗೆ ಹೋದಾಗ ನಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ಅದರಲ್ಲಿ ಮಕ್ಕಳ ಹೆಸರಿಲ್ಲ, ಸಂಕೇತ ಮಾತ್ರ ಇದೆ. ಪಾಲಕರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಸಿದ್ಧಪಡಿಸಿ, ಅಕ್ಷರ ಬಾರದವರಿಗೆ ಓದಿ ಹೇಳಿದೆವು. ‘ಗೇಮ್’ ಎಂದ ಕೂಡಲೇ ಹಲವರು ಕೇಳಿದ್ದು ಇದರಲ್ಲಿ ದುಡ್ಡು ಕಟ್ಟಬೇಕೇ ಎಂದು. ರಮ್ಮಿಯ ಜಾಹೀರಾತುಗಳ ಕಾಲದಲ್ಲಿ ಆ ಅನುಮಾನ ಸಹಜವೇ ಆಗಿತ್ತು.

ತರಗತಿಯಲ್ಲಿ ಒಂದು ಫೋನಿಗೆ ಇಬ್ಬರನ್ನು ಕೂರಿಸಿದ್ದು ಫೋನಿನ ಕೊರತೆಯಿಂದಲ್ಲ. ಒಬ್ಬರೇ ಆಡಿದರೆ ನಡೆ ದಾಖಲಾಗುತ್ತದೆ, ಕಾರಣ ದಾಖಲಾಗುವುದಿಲ್ಲ. ಇಬ್ಬರಿದ್ದರೆ ಕಾರಣ ಬಾಯಿಗೆ ಬರುತ್ತದೆ. ಸಮಾಜ ವಿಜ್ಞಾನದ ಅಕ್ಕೋರ (ಶಿಕ್ಷಕಿಯ) ಅನುಮತಿಯಿಂದ ಧ್ವನಿಮುದ್ರಣ ಯಂತ್ರವನ್ನು ಬೆಂಚಿನ ಮೇಲಿಟ್ಟಿದ್ದೆವು. ತೂಬು ತೆರೆಯಲು ಬೆರಳು ಚಾಚಿದ ಹುಡುಗಿಯನ್ನು ಪಕ್ಕದವಳು ತಡೆದ ಮಾತು ಹೀಗಿತ್ತು: “ತಡಿ, ಹುಣ್ಣಿಮೆ ಭರತ (ಉಬ್ಬರ) ಬರೂಕೆ ಅದೆ. ಮೊದ್ಲು ಕಟ್ಟೆಗೆ ಮಣ್ಣು ಹಾಕು, ಶೆಟ್ಲಿ (ಸಿಗಡಿ) ಆಮೇಲೆ.” “ನನ್ನ ಬದಿ ಕಟ್ಟೆ ಗಟ್ಟಿ ಅದೆ.” “ನಿಂದು ಗಟ್ಟಿ ಇದ್ರೆ ಏನಾತು? ನನ್ನ ಬದಿ ಒಡೆದ್ರೆ ನಿನ್ನ ಗದ್ದೆಗೂ ಉಪ್ಪುನೀರೇ.” ಆಸ್ಟ್ರಮ್ ಅವರ ಹೆಸರನ್ನೂ ಕೇಳದ ಈ ಮಕ್ಕಳ ಮಾತು ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಾಕ್ಷ್ಯ. ಇದರ ಜೊತೆಗೆ ನಡೆಗಳ ದಾಖಲೆಯನ್ನಿಟ್ಟು ನೋಡಿದಾಗ, ಇಂಥ ಮಾತು ಬಂದ ಜೋಡಿಗಳು ಮುಂದಿನ ಸರದಿಗಳಲ್ಲಿ ಹುಣ್ಣಿಮೆಗೆ ಮುನ್ನವೇ ಕಟ್ಟೆಗೆ ಹೋಗುವುದು ಕಂಡಿತು. ಆಟದ ನಂತರದ ಲಿಖಿತ ಪರೀಕ್ಷೆಯೊಂದರಿಂದಲೇ ಇದು ತಿಳಿಯುತ್ತಿರಲಿಲ್ಲ.

ಇಂಥ ಕೆಲಸಕ್ಕೆ ಆನ್ ಬ್ರೌನ್ ಮತ್ತು ಅಲನ್ ಕಾಲಿನ್ಸ್ 1992ರಲ್ಲಿ ರೂಪಿಸಿದ ವಿಧಾನ ಒಗ್ಗುತ್ತದೆ: ವಿನ್ಯಾಸವನ್ನು ನಿಜವಾದ ತರಗತಿಯಲ್ಲೇ ಪರೀಕ್ಷಿಸಿ, ತಿದ್ದಿ, ಮತ್ತೆ ಪರೀಕ್ಷಿಸುವುದು, ಪ್ರತಿ ತಿದ್ದುಪಡಿಯ ಕಾರಣವನ್ನೂ ಬರೆದಿಡುವುದು. ಪ್ರಬಂಧ ಕಳುಹಿಸುವಾಗ ಇದರ ಕಷ್ಟ ಎದುರಾಗುತ್ತದೆ. ಶಿಕ್ಷಣದ ವಿಮರ್ಶಕರು ಆಟವಾಡದ ಗುಂಪಿನೊಂದಿಗೆ ಹೋಲಿಕೆ ಎಲ್ಲಿದೆಯೆಂದು ಕೇಳಿದರೆ, ಗಣಕ ವಿಜ್ಞಾನದವರು ಇದರಲ್ಲಿ ಹೊಸ ತಂತ್ರವೇನಿದೆಯೆಂದು ಕೇಳುತ್ತಾರೆ. ಕಿರಿಯರಿಗೆ ನನ್ನ ಸಲಹೆ, ಎರಡನ್ನೂ ಒಂದೇ ಪ್ರಬಂಧದಲ್ಲಿ ತುರುಕದೆ ಬೇರೆ ಬೇರೆಯಾಗಿ ಬರೆಯಿರಿ ಎಂಬುದು. ಬಡ್ತಿಯ ಲೆಕ್ಕದಲ್ಲಿ ಪ್ರಬಂಧಕ್ಕೆ ಅಂಕವುಂಟು, ವರ್ಷಗಟ್ಟಲೆ ಕಟ್ಟಿದ ಆಟಕ್ಕಿಲ್ಲ ಎಂಬುದನ್ನು ಮೊದಲೇ ತಿಳಿದು ಈ ದಾರಿಗೆ ಬರುವುದು ಕ್ಷೇಮ.

ಈಗ ಶಿರಸಿಯ ಕಡೆಯ ಶಿಕ್ಷಕರೊಂದಿಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ಒದಗಿಸುವ ಕಾಡು) ಕುರಿತ ಇನ್ನೊಂದು ಆಟದ ಕಾಗದದ ರೂಪ ಸಿದ್ಧವಾಗುತ್ತಿದೆ. ಅಡಿಕೆ ತೋಟಕ್ಕೆ ಸೊಪ್ಪು ಎಷ್ಟು ಕಡಿಯಬಹುದು, ಮರವನ್ನು ಎಷ್ಟು ಚಿಗುರಲು ಬಿಡಬೇಕು ಎಂಬುದು ಅಲ್ಲಿನ ನಿಯಮ. ಗಜನಿಯ ಆಟದಲ್ಲಿ ತಪ್ಪು ನಡೆಯ ಫಲ ಮುಂದಿನ ಹುಣ್ಣಿಮೆಗೇ ಕಾಣುತ್ತಿತ್ತು. ಬೆಟ್ಟದಲ್ಲಿ ಅದು ಕಾಣಲು ವರ್ಷಗಳೇ ಬೇಕು, ಆದರೆ ಶಾಲೆಯ ಒಂದು ಅವಧಿ ಇರುವುದು 40 ನಿಮಿಷ. ಒಂದು ಸರದಿಗೆ ಒಂದು ವರ್ಷವೆಂದಿಟ್ಟರೆ ಮಕ್ಕಳು ಎಲ್ಲ ಮರವನ್ನೂ ಬೋಳಿಸಿ ಆಟ ಮುಗಿಸುತ್ತಾರೆ. ಹತ್ತು ವರ್ಷವೆಂದಿಟ್ಟರೆ ಕಡಿದ ಕೈಗೂ ಬೋಳಾದ ಬೆಟ್ಟಕ್ಕೂ ಇರುವ ಸಂಬಂಧವೇ ಮರೆತುಹೋಗುತ್ತದೆ. ಸದ್ಯಕ್ಕೆ ಐದು ವರ್ಷದ ಸರದಿಯನ್ನಿಟ್ಟು, ತೋಟದ ಮಾಲಿಕತ್ವ ಆಟದ ನಡುವೆ ಪಕ್ಕದ ಆಟಗಾರನಿಗೆ ದಾಟುವಂತೆ ಮಾಡಿ ನೋಡುತ್ತಿದ್ದೇವೆ.