ಸಿ89ರ ಮಿತಿಯೊಳಗೆ ಕೋಡ್ ಬರೆಯುವುದು: ನನ್ನ ಅನುಭವ

ನಾನು ನಿರ್ವಹಿಸುವ ಸಿ ಭಾಷೆಯ ಲೈಬ್ರರಿಯನ್ನು ಕೆಲವರು ಇಂದಿಗೂ ಮೈಕ್ರೋಸಾಫ್ಟಿನ ಹಳೆಯ ವಿಷುಯಲ್ ಸ್ಟುಡಿಯೊ 2010ರಲ್ಲಿ, ಇನ್ನು ಕೆಲವರು ಸಿ99ಅನ್ನು (ಸಿ ಭಾಷೆಯ 1999ರ ಮಾನದಂಡ) ಅರ್ಧಂಬರ್ಧ ಬಲ್ಲ, ಸಣ್ಣ ಸಾಧನಗಳಿಗೆಂದೇ ಇರುವ ಎಂಬೆಡೆಡ್ ಕಂಪೈಲರ್‌ಗಳಲ್ಲಿ ಬಿಲ್ಡ್ ಮಾಡುತ್ತಾರೆ. ಹೀಗಾಗಿ ಇಡೀ ಕೋಡನ್ನು ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿಯ 1989ರ ಮಾನದಂಡದ, ಅಂದರೆ ಸಿ89ರ, ಮಿತಿಯೊಳಗೇ ಇಡಲು ನಿರ್ಧರಿಸಿದೆ.

ಇಂಥ ನಿಯಮಗಳನ್ನು ದಾಖಲೆಯಲ್ಲಿ ಬರೆದಿಟ್ಟರೆ ಓದುವವರು ಕಡಿಮೆ, ಕಂಪೈಲರೇ ತಡೆಯಬೇಕು. ಆದರೆ ನಾನು ಬಳಸುವ ಜಿಸಿಸಿ ಕಂಪೈಲರಿಗೆ ಸಿ89 ಎಂದು ಸೂಚಿಸಿದ ಮಾತ್ರಕ್ಕೆ ಅದು ಸಾಧ್ಯವಾಗುವುದಿಲ್ಲ. ಸಿ89ರಲ್ಲಿಲ್ಲದ ಎರಡು ಓರೆಗೆರೆಯ (//) ಕಾಮೆಂಟನ್ನೂ ಫಾರ್ ಲೂಪಿನ ಆವರಣದೊಳಗೆ ಘೋಷಿಸಿದ ವೇರಿಯಬಲನ್ನೂ ಅದು ತಿರಸ್ಕರಿಸುತ್ತದೆ. ಆದರೆ ಸಿ89ರಲ್ಲಿ ಅವೂ ಸಲ್ಲದಿದ್ದರೂ, ಸ್ಟೇಟ್‌ಮೆಂಟುಗಳ ನಡುವೆ ನುಸುಳಿದ ಡಿಕ್ಲರೇಶನ್ನನ್ನೂ (ವೇರಿಯಬಲಿನ ಘೋಷಣೆ) ಎನಮ್ (ಹೆಸರಿಟ್ಟ ಸ್ಥಿರಾಂಕಗಳ) ಪಟ್ಟಿಯ ಕೊನೆಯಲ್ಲಿ ಉಳಿದ ಅಲ್ಪವಿರಾಮವನ್ನೂ ತುಟಿ ಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತದೆ. ಪೆಡಾಂಟಿಕ್ ಎರರ್ಸ್ ಆಯ್ಕೆಯನ್ನು ಸೇರಿಸಿದ ಮೇಲೆಯೇ ಇವೂ ಎರರ್ ಆಗತೊಡಗಿದವು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ವೇರಿಯಬಲ್‌ಗಳನ್ನು ಬ್ಲಾಕಿನ ಆರಂಭದಲ್ಲೇ ಘೋಷಿಸಬೇಕೆಂಬ ನಿಯಮ. ಫಂಕ್ಷನ್ನಿಗೆ ಬಂದ ಪಾಯಿಂಟರ್ (ಮೆಮೊರಿಯ ವಿಳಾಸ) ನಲ್, ಅಂದರೆ ಖಾಲಿ, ಹೌದೋ ಅಲ್ಲವೋ ಎಂದು ನೋಡಿ, ಆಮೇಲೆ ಅದು ತೋರಿಸುವ ಸ್ಟ್ರಕ್ಟಿನಿಂದ ಉದ್ದವನ್ನು ಓದುವ ಕೋಡನ್ನೇ ತೆಗೆದುಕೊಳ್ಳೋಣ. ಡಿಕ್ಲರೇಶನ್ನನ್ನು ಅದರ ಆರಂಭಿಕ ಮೌಲ್ಯದ ಸಮೇತ ಮೇಲಕ್ಕೆ ಸರಿಸಿದರೆ, ನಲ್ ಪರೀಕ್ಷೆಗೆ ಮೊದಲೇ ಪಾಯಿಂಟರನ್ನು ಬಳಸಿದಂತಾಗುತ್ತದೆ. ಆದ್ದರಿಂದ ಮೇಲೆ ಹೆಸರನ್ನಷ್ಟೇ ಘೋಷಿಸಿ, ಮೌಲ್ಯವನ್ನು ಪರೀಕ್ಷೆಯ ನಂತರ ಕೊಡುವ ಪದ್ಧತಿ ಇಟ್ಟುಕೊಂಡೆ. ಸುಮ್ಮನೆ ಸೊನ್ನೆ ತುಂಬಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮೌಲ್ಯ ಕೊಡದೆ ಬಳಸಿದಾಗ ಕಂಪೈಲರ್ ನೀಡಬಹುದಾದ ಎಚ್ಚರಿಕೆಯನ್ನೇ ಅದು ಅಡಗಿಸುತ್ತದೆ. ಡಿಕ್ಲರೇಶನ್ ಪಟ್ಟಿ ತೀರಾ ಉದ್ದವಾದ ಕಡೆ ಆ ಭಾಗವನ್ನು ಪ್ರತ್ಯೇಕ ಸ್ಟ್ಯಾಟಿಕ್ ಫಂಕ್ಷನ್ ಮಾಡಿದೆ. ಓದಲಿಕ್ಕೂ ಅದೇ ಹಿತವೆನಿಸಿತು.

ಸಿ ಭಾಷೆಯ ಸಿದ್ಧ ಲೈಬ್ರರಿ ಫಂಕ್ಷನ್‌ಗಳಲ್ಲಿ ತಲೆನೋವಾದದ್ದು, ನಿಗದಿತ ಗಾತ್ರದ ಬಫರಿಗೆ ಪಠ್ಯವನ್ನು ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್. ಅದು ಸಿ99ರಲ್ಲಿ ಬಂದದ್ದು. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಮಾನದಂಡಕ್ಕೆ ತಕ್ಕ ರೂಪ ದೊರೆತದ್ದು ವಿಷುಯಲ್ ಸ್ಟುಡಿಯೊ 2015ರಲ್ಲಿ. ಅದಕ್ಕೆ ಹಿಂದಿನಿಂದ ಇದ್ದ, ಅಂಡರ್‌ಸ್ಕೋರಿನಿಂದ ಆರಂಭವಾಗುವ ರೂಪವು, ಬಫರ್ ಸಾಲದಿದ್ದಾಗ ಪಠ್ಯದ ಅಂತ್ಯ ಸೂಚಿಸುವ ಕೊನೆಯ ಸೊನ್ನೆ ಬೈಟನ್ನು ಬರೆಯದೆ ಋಣ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಎರಡನ್ನೂ ಒಂದು ರ‍್ಯಾಪರ್ ಫಂಕ್ಷನ್ನಿನ ಹಿಂದಿಟ್ಟು, ಬಫರಿನ ಕೊನೆಯ ಬೈಟಿಗೆ ಸೊನ್ನೆಯನ್ನು ಅಲ್ಲೇ ಬರೆಯುತ್ತೇನೆ.

ಒಂದು ಮಿತಿಯನ್ನು ಮಾತ್ರ ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಎಕ್ಸ್‌ಟರ್ನಲ್ (ಬೇರೆ ಫೈಲುಗಳಿಗೂ ಕಾಣುವ) ಹೆಸರುಗಳಲ್ಲಿ ಮೊದಲ 6 ಅಕ್ಷರಗಳನ್ನಷ್ಟೇ ಗುರುತಿಸಲು ಸಿ89 ಕಂಪೈಲರ್‌ಗಳಿಗೆ ಅನುಮತಿಯಿದೆ. ಅದನ್ನು ಪಾಲಿಸಿದರೆ ಲೈಬ್ರರಿಯ ಪೂರ್ವಪದಕ್ಕೇ 3 ಅಕ್ಷರ ಹೋಗಿ, ಉಳಿದ ಮೂರರಲ್ಲಿ ಹೆಸರುಗಳು ಅರ್ಥವನ್ನೇ ಕಳೆದುಕೊಳ್ಳುತ್ತವೆ. ಕಂಪೈಲಾದ ಫೈಲುಗಳನ್ನು ಜೋಡಿಸುವ, ನನ್ನ ಬಳಕೆದಾರರ ಲಿಂಕರ್‌ಗಳಲ್ಲಿ ಯಾವುದಕ್ಕೂ ಆ ಕಟ್ಟುಪಾಡಿಲ್ಲ.