ಓದಿದ್ದು ನೆನಪಿರಬೇಕಾ? ಪುಸ್ತಕ ಮುಚ್ಚಿ

"ಸರ್, ಮೂರು ಸಲ ಓದೇನ್ರಿ. ಪೇಪರ್ ನೋಡಿದ್ರ ಎಲ್ಲಾ ಓದಿದ್ದೇ ಅನಸ್ತದ. ಉತ್ತರ ಮಾತ್ರ ಹೊಳೆಯಂಗಿಲ್ಲ."

ಧಾರವಾಡದ ಸಪ್ತಾಪುರದ ಕಡೆ ಯಾವುದೇ ಚಹಾ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಗದಗ, ಹಾವೇರಿ, ರೋಣ, ಹಿರೇಕೆರೂರು ಕಡೆಯಿಂದ ಬಂದು ರೂಮ್ ಮಾಡಿಕೊಂಡಿರುವ ಹುಡುಗ ಹುಡುಗಿಯರು ಇಲ್ಲಿ ತುಂಬಾ ಜನ. ಕಷ್ಟಪಡುವುದರಲ್ಲಿ ಇವರನ್ನು ಯಾರೂ ಮೀರಿಸಲಾರರು. ರೀಡಿಂಗ್ ರೂಮಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾರೆ. ಆದರೆ ಓದುವ ರೀತಿ ನೋಡಿದರೆ ಸಂಕಟವಾಗುತ್ತದೆ. ಒಂದು ಸಲ ಓದುವುದು, ಹಳದಿ ಹೈಲೈಟರ್ ಎಳೆಯುವುದು, ಎರಡನೇ ಸಲ ಹಳದಿ ಇದ್ದಲ್ಲಿ ಮಾತ್ರ ಓದುವುದು, ಮೂರನೇ ಸಲ ಅದರ ಮೇಲೆ ಗುಲಾಬಿ ಎಳೆಯುವುದು. ಪುಸ್ತಕ ರಂಗೋಲಿ ಆಗುತ್ತದೆ, ತಲೆ ಖಾಲಿ ಉಳಿಯುತ್ತದೆ. ಕೊನೆಗೆ "ನನಗೆ ನೆನಪಿನ ಶಕ್ತಿ ಕಡಿಮೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ.

ನೆನಪಿನ ಬಗ್ಗೆ ಮನಃಶಾಸ್ತ್ರದವರು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಪ್ರಯೋಗ ಮಾಡಿದ್ದಾರೆ. ಅದರಲ್ಲಿ ಪರೀಕ್ಷೆಗೆ ಓದುವವರಿಗೆ ಬೇಕಾದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹಂತ 1: ಮೊಬೈಲ್ ಎತ್ತಿಡಿ

ಸ್ವಿಚ್ ಆಫ್ ಮಾಡಿ ಬ್ಯಾಗಿನೊಳಗೆ ಹಾಕಿ, ಬ್ಯಾಗನ್ನು ಕೈಗೆ ಸಿಗದ ಕಡೆ ಇಡಿ. ಅಷ್ಟೇ. ಮೇಜಿನ ಮೇಲೆ ಬೋರಲಾಗಿ ಇಟ್ಟರೆ ಅದು ಲೆಕ್ಕಕ್ಕಿಲ್ಲ.

ಯಾಕೆ ಅಂದರೆ, ನಾವು ಗಮನ ಕೊಡದ್ದು ಕಣ್ಣೆದುರೇ ಇದ್ದರೂ ತಲೆಗೆ ಹೋಗುವುದಿಲ್ಲ. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಅನ್ನುವ ಇಬ್ಬರು ಒಂದು ವಿಡಿಯೊ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ಪಾಸ್ ಮಾಡಿದರು ಎಣಿಸಿ ಅಂದರು. ಆಟದ ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಆ ಗೊರಿಲ್ಲಾ ಕಾಣಲೇ ಇಲ್ಲ! ಒಂದು ಕಣ್ಣು ವಾಟ್ಸ್‌ಆ್ಯಪ್ ಮೇಲಿಟ್ಟು ಸಂವಿಧಾನ ಓದಿದರೆ ವಿಧಿಗಳ ಗತಿಯೂ ಅದೇ. ಇಯರ್‌ಫೋನ್ ಹಾಕಿ ಸಿನಿಮಾ ಹಾಡು ಕೇಳುತ್ತಾ ಓದುವವರಿಗೂ ಇದೇ ಮಾತು. ಹಾಡಿನ ಸಾಹಿತ್ಯವೂ ಮಾತು, ಓದುವ ಪುಟವೂ ಮಾತು. ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಹಾಡು ಬಂದ್ ಮಾಡಿ, ಇದರಲ್ಲಿ ಚೌಕಾಶಿ ಬೇಡ.

ಹಂತ 2: ಒಂದು ಸಲಕ್ಕೆ ಎರಡೇ ಪುಟ

ಈ ಕ್ಷಣ ತಲೆಯಲ್ಲಿ ಹಿಡಿದುಕೊಂಡು ಕೆಲಸ ಮಾಡುವ ಜಾಗ ತೀರಾ ಚಿಕ್ಕದು. ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದು ಸುಮಾರು ಏಳು ತುಂಡು ಮಾಹಿತಿ ಹಿಡಿಯುತ್ತದೆ ಅಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಇನ್ನೂ ಇಳಿಸಿ ಸುಮಾರು ನಾಲ್ಕು ಅಂದರು. ಸಮಾಧಾನದ ವಿಷಯ ಅಂದರೆ, ತುಂಡು ಎಷ್ಟು ದೊಡ್ಡದು ಅನ್ನುವುದು ನಮ್ಮ ಕೈಯಲ್ಲಿದೆ. ಮೊಬೈಲ್ ನಂಬರಿನ ಹತ್ತು ಅಂಕಿಯನ್ನು ಐದೈದಾಗಿ ಮುರಿದು ಹೇಳುತ್ತೇವಲ್ಲ, ಅದಕ್ಕೇ. ನಿಮ್ಮದೇ ನಂಬರನ್ನು ಬೇರೆಯವರು ಮೂರು-ಮೂರು-ನಾಲ್ಕಾಗಿ ಹೇಳಿದರೆ ಒಂದು ಕ್ಷಣ ಗುರುತೇ ಸಿಗುವುದಿಲ್ಲ, ಅಲ್ವಾ?

ಹಾಗಾಗಿ ಒಂದೇ ಕೂತಿಗೆ ಇಡೀ ಅಧ್ಯಾಯ ನುಂಗಬೇಡಿ. ಎರಡು ಪುಟ, ಜಾಸ್ತಿ ಅಂದರೆ ಮೂರು.

ಹಂತ 3: ಒಂದು ಸಲ, ಅರ್ಥವಾಗುವ ಹಾಗೆ ಓದಿ

ಪೆನ್ಸಿಲ್ ಸಾಕು, ಹೈಲೈಟರ್ ಬೇಡ.

ಹಂತ 4: ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ

ಎಲ್ಲರೂ ಕೈಕೊಡುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪುಸ್ತಕ ಮುಚ್ಚುವುದು ಅಂದರೆ ನಡುವೆ ಬೆರಳಿಟ್ಟುಕೊಂಡು ಮುಚ್ಚುವುದಲ್ಲ. ಬ್ಯಾಗಿಗೆ ಹಾಕಿ. ಎದ್ದು ಹೋಗಿ ನೀರು ಕುಡಿದು ಬನ್ನಿ. ಈ ಎರಡು ಮೂರು ನಿಮಿಷದ ಬಿಡುವು ಬೇಕೇ ಬೇಕು, ಇಲ್ಲದಿದ್ದರೆ ಈಗಷ್ಟೇ ಓದಿದ ಸಾಲು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತದೆ, ಅದನ್ನೇ ಇಳಿಸಿ "ಬಂತು" ಅಂದುಕೊಳ್ಳುತ್ತೀರಿ. ಬಂದು ಕೂತು, ಓದಿದ್ದರಲ್ಲಿ ಏನೇನು ನೆನಪಿದೆಯೋ ಎಲ್ಲ ಹಾಳೆ ಮೇಲೆ ಬರೆಯಿರಿ. ಸಾಲು ಸಾಲಾಗಿ ಬೇಡ, ಅಕ್ಷರ ಚಂದ ಬೇಡ, ಕ್ರಮ ತಪ್ಪಿದರೂ ಪರವಾಗಿಲ್ಲ.

ನಾಲ್ಕೈದು ಸಾಲು ಆದ ಮೇಲೆ ಪೆನ್ನು ನಿಲ್ಲುತ್ತದೆ. ಕೈ ತಾನಾಗಿ ಬ್ಯಾಗಿನ ಕಡೆ ಹೋಗುತ್ತದೆ. ಹೋಗಬಾರದು! ಇನ್ನೊಂದೆರಡು ನಿಮಿಷ ಹಾಗೇ ಕೂತು ತಡಕಾಡಿ. ಸಂವಿಧಾನದ 73ನೇ ತಿದ್ದುಪಡಿ ಓದಿದ್ದೀರಿ ಅಂದುಕೊಳ್ಳಿ. ಪಂಚಾಯತಿಗೆ ಸಂಬಂಧಪಟ್ಟದ್ದು ಅಂತ ಬರೆದಿದ್ದೀರಿ, 29 ವಿಷಯ ಅಂತಲೂ ನೆನಪಾಗಿದೆ, ಅನುಸೂಚಿ ಯಾವುದು? ಹತ್ತಾ, ಹನ್ನೊಂದಾ? ಈ ಒದ್ದಾಟ ಇದೆಯಲ್ಲ, ನೆನಪು ಗಟ್ಟಿಯಾಗುವುದು ಇದರಿಂದಲೇ. ತಡಕಾಡಿ ಸಿಗದೇ ಹೋದರೂ ನಷ್ಟವಿಲ್ಲ. ಒದ್ದಾಡಿದ ಮೇಲೆ ಸರಿ ಉತ್ತರ ನೋಡಿದರೆ, ಸುಮ್ನೆ ಓದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಅಂತ ಪ್ರಯೋಗಗಳಲ್ಲೇ ಕಂಡಿದೆ.

ಈಗ ಪುಸ್ತಕ ತೆಗೆಯಿರಿ, ಕೆಂಪು ಪೆನ್ನು ಹಿಡಿಯಿರಿ. ಬಿಟ್ಟದ್ದನ್ನು ಸೇರಿಸಿ, ತಪ್ಪನ್ನು ಹೊಡೆದುಹಾಕಿ. ಇದನ್ನು ಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಇಲ್ಲೂ ಒಂದು ಮೋಸ ನಡೆಯುತ್ತದೆ. ಪುಸ್ತಕದಲ್ಲಿ "11ನೇ ಅನುಸೂಚಿ" ಅಂತ ಕಂಡ ತಕ್ಷಣ "ಹಾಂ, ಇದು ನನಗೆ ಗೊತ್ತಿತ್ತು" ಅನ್ನುತ್ತೀರಿ. ಗೊತ್ತಿರಲಿಲ್ಲ. ಹಾಳೆ ಮೇಲೆ ಇಲ್ಲ ಅಂದರೆ ಗೊತ್ತಿರಲಿಲ್ಲ, ಅಷ್ಟೇ ಲೆಕ್ಕ. ನೋಡಿದಾಗ ಗುರುತು ಸಿಗುವುದು ಬೇರೆ, ನೋಡದೇ ತೆಗೆಯುವುದು ಬೇರೆ. ಮತ್ತೆ ಮತ್ತೆ ಓದುವುದರಿಂದ ಮೊದಲನೆಯದು ಬೆಳೆಯುತ್ತದೆ, ಅದನ್ನೇ ನಾವು ಎರಡನೆಯದು ಅಂದುಕೊಂಡು ಮೋಸಹೋಗುತ್ತೇವೆ.

ಇದಕ್ಕೆ 2006ರ ಒಂದು ಪ್ರಯೋಗ ಪ್ರಸಿದ್ಧ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಕೊಟ್ಟರು. ಅದನ್ನು ಕೆಲವೊಮ್ಮೆ ಎರಡು ಸಲ ಓದಿಸಿದರು, ಕೆಲವೊಮ್ಮೆ ಒಂದು ಸಲ ಓದಿಸಿ, ನೋಡದೇ ನೆನಪಿದ್ದದ್ದನ್ನೆಲ್ಲ ಬರೆಸಿದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದು: ಶೇ 81, ಬರೆದವರದ್ದು ಶೇ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಓದಿದವರು ಶೇ 42, ಬರೆದವರು ಶೇ 56. ಪಾಠವನ್ನು ನಾಲ್ಕು ಸಲ ಓದಿಸಿದ ಇನ್ನೊಂದು ಸುತ್ತಿನಲ್ಲಿ ಓದಿದವರಿಗೇ ತಮ್ಮ ಮೇಲೆ ಭರವಸೆ ಜಾಸ್ತಿ ಇತ್ತು, ವಾರದ ನಂತರ ಅವರೇ ಹಿಂದೆ ಬಿದ್ದರು. ಪರೀಕ್ಷೆ ಹಿಂದಿನ ರಾತ್ರಿ ಓದಿ ಬರೆದು ಬಂದವನಿಗೆ ಮುಂದಿನ ತಿಂಗಳು ಏನೂ ನೆನಪಿರದಿರುವುದು ಇದಕ್ಕೇ.

"ನಮ್ಮ ಪರೀಕ್ಷೆ ಬಹು ಆಯ್ಕೆಯದ್ದು ರೀ, ಗುರುತು ಸಿಕ್ಕರೆ ಸಾಕಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಸಾಕಾಗುವುದಿಲ್ಲ. ಪ್ರಶ್ನೆ ತೆಗೆಯುವವರು ನಾಲ್ಕೂ ಆಯ್ಕೆಯನ್ನು ಅದೇ ಅಧ್ಯಾಯದಿಂದ ಆರಿಸುತ್ತಾರೆ. ನಾಲ್ಕನ್ನೂ ನೀವು ಓದಿದ್ದೀರಿ, ನಾಲ್ಕೂ ಗುರುತಿನ ಮುಖವೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಂತೂ ಈ ಗುರುತು ಕೈಗೆ ಕೆಂಡ ಕೊಡುತ್ತದೆ.

ನಮ್ಮ ಕಡೆ ಸಂಗೀತ ಕಲಿಸುವವರಿಗೆ ಇದು ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಹಾಡುಗಾರರಾದರು. ಗುರು ಒಂದು ಸಾಲು ಹಾಡಿದರೆ ಶಿಷ್ಯ ಅದನ್ನು ತಿರುಗಿ ಹಾಡಬೇಕು, ತಪ್ಪಿದರೆ ಅಲ್ಲೇ ತಿದ್ದುವುದು, ಮತ್ತೆ ಹಾಡಿಸುವುದು. ಸುಮ್ನೆ ಕೇಳುತ್ತಾ ಕೂತು ತಲೆಯಾಡಿಸಿದರೆ ಯಾರಿಗೂ ರಾಗ ಬರುವುದಿಲ್ಲ.

ಬರೆಯಲು ಬೇಜಾರಾದರೆ ಚೀಟಿ ಮಾಡಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಹಳೆಯ ಲಗ್ನಪತ್ರಿಕೆ ಕತ್ತರಿಸಿದರೆ ದಪ್ಪನೆ ಚೀಟಿ ಪುಕ್ಕಟೆ ಸಿಗುತ್ತದೆ, ಅಂಗಡಿಯ ಫ್ಲ್ಯಾಶ್‌ಕಾರ್ಡ್‌ಗೆ ದುಡ್ಡು ಹಾಕಬೇಡಿ. ಮುಖ್ಯವಾಗಿ, ಬೇರೆಯವರು ಮಾಡಿಟ್ಟ ಪಿಡಿಎಫ್ ಚೀಟಿ ತಗೋಬೇಡಿ. ಪ್ರಶ್ನೆ ಮಾಡುವುದೇ ಅರ್ಧ ಓದು. ಖಾನಾವಳಿಗೆ ಹೋಗುವ ದಾರಿಯಲ್ಲಿ ಗೆಳೆಯರು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡರೂ ಕೆಲಸ ಆಗುತ್ತದೆ. ಆದರೂ ನನ್ನ ಮತ ಬರೆಯುವುದಕ್ಕೇ. ಮಾತಿನಲ್ಲಿ "ಅದೇ ಅದು, ಅನುಸೂಚಿ ಬರ್ತದಲ್ಲ" ಅಂತ ಜಾರಿಕೊಳ್ಳಬಹುದು, ಹಾಳೆ ಹಾಗೆ ಬಿಡುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮೆಮೊರಿ ಪವರ್ ಅಂತ ಮಾರುವ ಟಾನಿಕ್, ಪುಡಿ, ಮಾತ್ರೆಗಳಿಗೆ ಊರಿಂದ ಅಪ್ಪ ಕಳಿಸಿದ ದುಡ್ಡು ಸುರಿಯಬೇಡಿ. ಮಿದುಳಿಗೆ ವ್ಯಾಯಾಮ ಅನ್ನುವ ಗೇಮ್ ಆ್ಯಪ್‌ಗಳೂ ಅಷ್ಟೇ. 2010ರಲ್ಲಿ ಬ್ರಿಟನ್ನಿನಲ್ಲಿ 11,430 ಜನರ ಮೇಲೆ ಪರೀಕ್ಷಿಸಿ ನೋಡಿದರು. ಜನ ಆಡಿದ ಆಟದಲ್ಲಿ ಚುರುಕಾದರು, ಆಡದ ಬೇರೆ ಕೆಲಸಗಳಲ್ಲಿ ಚುರುಕಾಗಲಿಲ್ಲ.

ಹಂತ 5: ಮರುದಿನ ಮೊದಲ ಕೆಲಸ ನಿನ್ನೆಯದು

ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ. ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಅನ್ನುವುದು ಅವನ ಅಳತೆ. 20 ನಿಮಿಷದ ನಂತರ ಸುಮಾರು ಶೇ 58 ಉಳಿತಾಯ, ಒಂದು ದಿನಕ್ಕೆ ಶೇ 34, 31 ದಿನಕ್ಕೆ ಶೇ 21. ಅಂದರೆ ದೊಡ್ಡ ಸೋರಿಕೆ ಮೊದಲ ದಿನವೇ, ಆಮೇಲೆ ನಿಧಾನ. ಅರ್ಥವಿರುವ ಪಾಠ ಇಷ್ಟು ಬೇಗ ಸೋರುವುದಿಲ್ಲ, ಆದರೂ ದಾರಿ ಅದೇ.

ಹಾಗಾಗಿ ಮರುದಿನ ಹೊಸ ಪಾಠ ತೆಗೆಯುವ ಮೊದಲು ಖಾಲಿ ಹಾಳೆಯಲ್ಲಿ ನಿನ್ನೆಯದನ್ನು ಬರೆಯಿರಿ. ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಆಮೇಲೆ ತಿಂಗಳು. ಉತ್ತರ ಹೊಳೆಯದೆ ತಡೆದ ಚೀಟಿ ಬೇಗ ವಾಪಸ್ ಬರಲಿ, ಸಲೀಸಾಗಿ ಬಂದದ್ದು ತಡವಾಗಿ ಬರಲಿ. ಚಪ್ಪಲಿ ಡಬ್ಬಿಯಲ್ಲಿ ನಾಲ್ಕು ಖಾನೆ ಮಾಡಿಕೊಂಡರೆ ಸಾಕು, ಆ್ಯಪ್ ಬೇಕಿಲ್ಲ.

ಹೀಗೆ ಬಿಟ್ಟು ಬಿಟ್ಟು ಓದುವಾಗ "ಏನೂ ಮುಂದೆ ಹೋಗ್ತಿಲ್ಲ" ಅನ್ನಿಸುತ್ತದೆ, ಅದಕ್ಕೂ ಸಿದ್ಧರಾಗಿರಿ. ಬ್ರಿಟನ್ನಿನ ಅಂಚೆ ಕೆಲಸಗಾರರಿಗೆ ಕೀಬೋರ್ಡ್ ಕಲಿಸಿದ ಪ್ರಯೋಗವೊಂದು 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು ಒಟ್ಟು ಗಂಟೆಗಳ ಲೆಕ್ಕದಲ್ಲಿ, ದಿನಕ್ಕೆ ನಾಲ್ಕು ಗಂಟೆ ಕೂತವರಿಗಿಂತ ಕಡಿಮೆ ಸಮಯದಲ್ಲಿ ಕಲಿತರು. ಆದರೆ ತರಬೇತಿ ಬಗ್ಗೆ ಹೆಚ್ಚು ಅಸಮಾಧಾನ ಇದ್ದದ್ದೂ ಅವರಿಗೇ, ಯಾಕಂದರೆ ಮುಗಿಸಲು ದಿನಗಳು ಜಾಸ್ತಿ ಹಿಡಿದವು.

ಹಂತ 6: ಅವಳಿ ವಿಷಯಗಳನ್ನು ಬೆರೆಸಿ ಕೇಳಿಕೊಳ್ಳಿ

ಪಿಡಿಒಗೆ ಓದುವವರನ್ನು ಜಾಸ್ತಿ ಕಾಡುವುದು 73 ಮತ್ತು 74ನೇ ತಿದ್ದುಪಡಿ. ಮೊದಲನೆಯದು ಪಂಚಾಯತಿ, 9ನೇ ಭಾಗ, 11ನೇ ಅನುಸೂಚಿ, 29 ವಿಷಯ, ಜಾರಿಗೆ ಬಂದದ್ದು 1993ರ ಏಪ್ರಿಲ್ 24. ಎರಡನೆಯದು ನಗರಸಭೆ, ಪುರಸಭೆಗಳದ್ದು, 9ಎ ಭಾಗ, 12ನೇ ಅನುಸೂಚಿ, 18 ವಿಷಯ, 1993ರ ಜೂನ್ 1. ಬೇರೆ ಬೇರೆ ಓದಿದಾಗ ಎರಡೂ ಸುಲಭ. ಪರೀಕ್ಷೆಯಲ್ಲಿ ಒಂದರ ಅಂಕಿ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಒಂದೇ ತರಹದ ನೆನಪುಗಳು ಒಂದಕ್ಕೊಂದು ಅಡ್ಡ ಬರುವುದು ಮರೆವಿನ ದೊಡ್ಡ ಕಾರಣ. ಇವೆರಡರ ಚೀಟಿಗಳನ್ನು ಇಸ್ಪೀಟ್ ಎಲೆಯಂತೆ ಕಲಸಿ ಒಂದೇ ಕೂತಿನಲ್ಲಿ ಕೇಳಿಕೊಳ್ಳಿ. ಮೊದಮೊದಲು ತಪ್ಪು ಜಾಸ್ತಿ ಆಗುತ್ತವೆ, ಆಗಲಿ ಬಿಡಿ.

ಹಂತ 7: ನಿದ್ದೆ

ಕದಿಯಬೇಡಿ. 1924ರಲ್ಲೇ ಇಬ್ಬರು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಕಲಿತು ಮಲಗಿದಾಗ ಮರೆತದ್ದು, ಕಲಿತು ಎಚ್ಚರ ಇದ್ದಾಗ ಮರೆತದ್ದಕ್ಕಿಂತ ಕಡಿಮೆ ಅಂತ ಕಂಡಿತ್ತು. ಪರೀಕ್ಷೆ ಹಿಂದಿನ ರಾತ್ರಿ ಬೆಳಗಿನವರೆಗೆ ಚಹಾ ಕುಡಿದು ಕೂತವರು ಓದಿದ್ದಕ್ಕೂ ನೀರು ಬಿಡುತ್ತಾರೆ.

ಪರೀಕ್ಷಾ ಕೊಠಡಿಯಲ್ಲಿ ಉತ್ತರ ನಾಲಿಗೆ ತುದಿಗೆ ಬಂದು ನಿಂತರೆ ಅಲ್ಲೇ ಕುಸ್ತಿ ಹಿಡಿಯಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಆ ನಂಬರಿಗೆ ಸುತ್ತು ಹಾಕಿ ಮುಂದೆ ಹೋಗಿ. ಬೇರೆ ಯಾವುದೋ ಪ್ರಶ್ನೆಯ ಒಂದು ಪದ ಅದನ್ನು ಎಳೆದು ತರಬಹುದು. ಮುಂದಿನ ಉತ್ತರ ಓಎಂಆರ್ ಹಾಳೆಯಲ್ಲಿ ಮುಂದಿನ ಸಾಲಿಗೇ ಬೀಳುತ್ತಿದೆಯಾ ಅಂತ ಮಾತ್ರ ನೋಡಿಕೊಳ್ಳಿ.